ಲಿಂಗ ಹಿಡಿಯೋ ಕೈಯಾಗ ಫಿಸ್ಟುಲಾ: ಖಣ ನೇಯ್ತಿದ್ದ ನಮ್ಮಪ್ಪನ ನೆನಪು

ಗುಳೇದಗುಡ್ಡದ ಮಗಳು

ಎಲ್ಲಾರಿಗೂ ಶರಣು. ಅಪ್ಪ ಲಿಂಗೈಕ್ಯನಾದ. ಶಿವಗಣಾರಾಧನೆ ಮುಗದು ಬೀಗರು ಬಿಜ್ಜರೆಲ್ಲ ಊರಿಗೆ ಹೋದ್ರು. ಈ ಗುಂಪಿನ್ಯಾಗ ಡಯಾಲಿಸಿಸ್ ಮಾಡಿಸಿಕೊಳ್ಳೋರು, ಅವರ ಮನಿಮಂದಿ ಭಾಳ ಅದೀರಿ. ನಮಗ ಕಷ್ಟಕಾಲದಾಗ ನೀವೇ ದಾರಿ ತೋರಿಸಿದವರು. ಅದಕ್ಕ ಅಪ್ಪನ ಬಗ್ಗೆ ನಾಕು ಮಾತು ಇಲ್ಲೇ ಬರೀತೀನಿ.

ಅಪ್ಪ ನೇಕಾರ. ನಮ್ಮದು ಖಣ (ಕುಪ್ಪಸದ ಬಟ್ಟಿ) ನೇಯೋ ಮನಿ. ಶುಗರ್ ಇತ್ತು, ಬಿ.ಪಿ. ಇತ್ತು, ಎರಡನ್ನೂ "ಇರ್ತಾವ ಬಿಡು" ಅಂತ ಭಾಳ ವರ್ಷ ದೂಡಿದ. ಕಾಲು ಬಾತು, ಊಟ ಸೇರದಂಗಾಗಿ, ಮುಖ ಕಂದಿ ಕುಂತ ಮ್ಯಾಲೆ ರಕ್ತ ತೋರಿಸಿದ್ವಿ. ಆಗಲೇ ಕಿಡ್ನಿ ಕೈಬಿಟ್ಟಿದ್ವು.

ಮಷಿನ್‌ನಿಂದ ರಕ್ತ ಸ್ವಚ್ಛ ಮಾಡೋ ಡಯಾಲಿಸಿಸ್‌ಗೆ ಸೂಜಿ ಚುಚ್ಚಾಕ ಕೈಯಾಗಿನ ಎರಡು ರಕ್ತನಾಳ ಕೂಡಿಸಿ ಹೊಲಿಯೋದಕ್ಕ ಫಿಸ್ಟುಲಾ ಅಂತಾರ. ಬಲಗೈ ರೂಢಿ ಇದ್ದವರಿಗೆ ಅದನ್ನ ಎಡಗೈಗೆ ಮಾಡ್ತಾರ. ಇಷ್ಟಲಿಂಗ ಹಿಡಿಯೋದೂ ಎಡಗೈಯಾಗೇ. ಹಂಗಾಗಿ ಸರ್ಜನ್ ಮುಂದ ಅಪ್ಪ ಕೇಳಿದ್ದು ಖರ್ಚಿನ ಮಾತಲ್ಲ, ಜೀವದ ಮಾತಲ್ಲ. "ಸಾಹೇಬ್ರ, ಈ ಕೈ ಕೊಯ್ದ್ರ ಪೂಜಿ ಹೆಂಗ್ರಿ?" ಅಂದ. ಅವರು ನಗಲಿಲ್ಲ. "ಎಷ್ಟು ತೂಕ ಬರತೈತಿ?" ಅಂದ್ರು. ಅಪ್ಪ ಕರಡಿಗಿ (ಲಿಂಗ ಇಡೋ ಡಬ್ಬಿ) ತಗದು ತನ್ನ ಅಂಗೈಯಾಗೇ ಇಟ್ಟು ತೋರಿಸಿದ. "ಗಾಯ ಮಾಯೋ ತನಕ ತಡೀರಿ, ಆಮ್ಯಾಲ ಇದಕ್ಕೇನೂ ಅಡ್ಡಿಲ್ಲ. ತುಂಬಿದ ಕೊಡ ಎತ್ತಬ್ಯಾಡ್ರಿ, ಆ ಕೈ ಮ್ಯಾಲೆ ಮಲಗಬ್ಯಾಡ್ರಿ, ಯಾರು ಬಂದ್ರೂ ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಾಕ ಬಿಡಬ್ಯಾಡ್ರಿ" ಅಂದ್ರು. ಗಾಯ ಮಾಯೋ ತನಕ ಅಯ್ನಾರು (ಜಂಗಮ ಗುರುಗಳು) ಹೇಳಿದಂಗ ಪೀಠದ ಮ್ಯಾಲೆ ಲಿಂಗ ಇಟ್ಟು ಪೂಜಿ ಮಾಡಿದ.

ಫಿಸ್ಟುಲಾ ಇದ್ದಲ್ಲಿ ಬೆರಳಿಟ್ರ ಒಳಗ ಒಂದು ನಡುಕ ಸಿಗತೈತಿ, ಕಿವಿ ಹಚ್ಚಿದ್ರ ಗುಂಯ್ ಅನ್ನೋ ಸಪ್ಪಳ. ಅದು ನಿಂತ್ರ ಕೂಡ್ಲೆ ದವಾಖಾನಿಗೆ ಓಡಿ ಬರ್ರಿ ಅಂತ ಹೇಳಿ ಕಳಸಿದ್ರು. ಅಪ್ಪ ಮೊದಲು ಪ್ರತಿ ಯುಗಾದಿಗೆ ಮಲ್ಲಯ್ಯನ ಕಂಬಿ (ಭಕ್ತರು ಹೆಗಲ ಮ್ಯಾಲೆ ಹೊರೋ ದೇವರ ಕೋಲು) ಸಂಗಾಟ ಶ್ರೀಶೈಲಕ್ಕ ನಡಕೊಂಡು ಹೋಗಾವ. ಅಲ್ಲಿ ಭ್ರಮರಾಂಬಾ ಗುಡಿ ಹಿಂದಿನ ಗ್ವಾಡಿಗೆ ಕಿವಿ ಹಚ್ಚಿದ್ರ ದುಂಬಿ ಸಪ್ಪಳ ಕೇಳತೈತಿ ಅಂತಾರ. ಅರುಣಾಸುರನ್ನ ಕೊಲ್ಲಾಕ ದೇವಿ ದುಂಬಿ ಆದಳಂತ ಕತಿ. ಅಪ್ಪ ಒಂದಿನ ಮೊಣಕೈ ಕಿವಿಗೆ ಹಚ್ಚಿಕೊಂಡು ಕುಂತಾವ ಅವ್ವನ್ನ ಕರದು "ಏ, ತಾಯಿ ಇಲ್ಲೇ ಬಂದಾಳ ನೋಡು" ಅಂದ. ಅವತ್ತಿನಿಂದ ಜಳಕ ಆದ ಮ್ಯಾಲೆ ಮೊದಲು ಕೈ ಮುಟ್ಟಿ ನೋಡೋದು, "ಅದಾಳ" ಅನ್ನೋದು, ಆಮ್ಯಾಲೇ ವಿಭೂತಿ ಹಚ್ಚೋದು. ಡಾಕ್ಟರ್ ಹೇಳಿದ ನೇಮ, ಅಯ್ನಾರು ಹೇಳಿದ ನೇಮ ಎರಡೂ ಒಂದ ಜಗಲಿ ಮ್ಯಾಲೆ ಕುಂತ್ವು.

ವಾರಕ್ಕ ಮೂರು ಸಲ ನಸುಕಿನ್ಯಾಗ ಎದ್ದು ಬಾಗಲಕೋಟಿ ಬಸ್ ಹತ್ತತಿದ್ದ. ನಾಕು ತಾಸು ಆ ಕುರ್ಚಿ ಮ್ಯಾಲೆ ಕುಂತು ಬಲಗೈಯಾಗ ಫೋನ್ ಹಿಡಕೊಂಡು ನನ್ನ ಮಗಳಿಗೆ ಮಗ್ಗಿ ಒಪ್ಪಿಸಾಕ ಹಚ್ಚತಿದ್ದ. ಹದಿಮೂರರ ಮಗ್ಗಿ ಆಕಿಗೆ ಬಂದಿದ್ದು ಹಂಗ.


ಕುಂದಾಪುರದವ

ಓದಿ ತುಂಬಾ ಬೇಜಾರಾಯ್ತು ಮಾರಾಯ್ರೆ. ನಿಮ್ಮ ತಂದೆಯವರಿಗೆ ಸದ್ಗತಿ ಸಿಗಲಿ.

ಒಂದು ಕೇಳ್ತೇನೆ, ಬೇಸರ ಮಾಡ್ಕೊಳ್ಬೇಡಿ. ನಮ್ಮ ಅಮ್ಮನಿಗೂ ಈಗ ಡಯಾಲಿಸಿಸ್. ನೀರು ಕಡಿಮೆ ಕುಡೀರಿ ಅಂದ್ರೆ ಕೇಳ್ತಾರೆ. ಆದ್ರೆ ತೀರ್ಥ, ಪಂಚಾಮೃತ, ಬಾಳೆಹಣ್ಣು, ದೇವಸ್ಥಾನದಲ್ಲಿ ಕೊಟ್ಟ ಬೊಂಡ (ಎಳನೀರು) ಯಾವುದನ್ನೂ ಬೇಡ ಅನ್ನುವುದಿಲ್ಲ. "ಪ್ರಸಾದದಿಂದ ಯಾರಿಗಾದ್ರೂ ಕೆಟ್ಟದಾಗ್ತದಾ?" ಅಂತ ನಮ್ಮನ್ನೇ ಕೇಳ್ತಾರೆ. ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಸುಧಾರಿಸಿದ್ರಿ?


ಗುಳೇದಗುಡ್ಡದ ಮಗಳು

ಬ್ಯಾಸರ ಯಾಕ್ರಿ ಅಣ್ಣಾರ. ನಮ್ಮಲ್ಲೂ ಪಾದೋದಕದ (ಪೂಜಿ ತೀರ್ಥದ) ಸಲುವಾಗಿ ಇದೇ ಜಗಳ. ಕಡೀಕ ಅಪ್ಪನೇ ದಾರಿ ಮಾಡಿದ. ದಿನಕ್ಕ ಎಷ್ಟು ನೀರು ಅಂತ ಡಾಕ್ಟರ್ ಹೇಳಿದ್ರಲ್ಲ, ಅಷ್ಟನ್ನ ಮುಂಜಾನೆ ಒಂದು ಬಾಟಲಿಗೆ ತುಂಬಿಡಾಕ ಹೇಳಿದ. ಪಾದೋದಕ ಅದರೊಳಗಿಂದನ. ಚಾ, ಮಜ್ಜಿಗಿ, ಗುಳಿಗಿ ನುಂಗೋ ನೀರು ಕೂಡ ಅದರ ಲೆಕ್ಕದಾಗ. ದೇವರ ಪಾಲು ಮೊದಲು ತಗದ, ಉಳಿದದ್ದು ತನ್ನದು.

ಬಾಳೆಹಣ್ಣು, ಎಳನೀರು ಪ್ರಸಾದ ಬಂದ್ರ ಎರಡೂ ಕಣ್ಣಿಗೆ ಒತ್ತಿಕೊಂಡು ಮೊಮ್ಮಕ್ಕಳ ಕೈಗೆ. "ಮಲ್ಲಯ್ಯ ನನಗ ಕೊಟ್ಟ, ನಾ ನಿಮಗ ಕೊಟ್ಟೆ, ದಾಸೋಹ ಆತು" ಅಂತಿದ್ದ. ನಿಮ್ಮ ಅಮ್ಮಗ ನಮ್ಮ ಮಾತಿಗಿಂತ ನಿಮ್ಮೂರ ಭಟ್ರು ಹೇಳಿದ್ರ ಹತ್ತೀತು. ಅವರಿಗೆ ಗುಟ್ಟಾಗಿ ಹೇಳಿ ನೋಡ್ರಿ.


ಟೆಕ್ನಿಶಿಯನ್, ದಾವಣಗೆರೆ

ಭಟ್ಟರಿಗೆ ಹೇಳಿಸೋದು ಒಳ್ಳೆ ಉಪಾಯ. ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ಕೆಲಸ ಮಾಡೋನು. ನಮಗೆ ಹೆದರಿಕೆ ಇರೋ ದಿನ ಯಾವುದು ಗೊತ್ತಾ? ಶಿವರಾತ್ರಿ ಮಾರನೇ ದಿನ.

ಉಪವಾಸ ಅಂತ ಊಟ ಬಿಟ್ಟಿರ್ತಾರೆ. ಊಟದ ಬದಲು ಏನು ತಿಂದಿರ್ತಾರೆ? ಖರ್ಜೂರ, ಬಾಳೆಹಣ್ಣು, ಕರಬೂಜ, ಕಲ್ಲಂಗಡಿ, ಎಳನೀರು. ಪೂರ್ತಿ ಪೊಟ್ಯಾಸಿಯಂ, ಜೊತೆಗೆ ನೀರು. ಒಳ್ಳೆ ಕಿಡ್ನಿ ಇರೋರಿಗೆ ಅದು ಅಮೃತ, ಹೆಚ್ಚಿದ್ದು ಮೂತ್ರದಲ್ಲಿ ಹೋಗುತ್ತೆ. ಇವರಿಗೆ ಹೋಗೋ ದಾರಿನೇ ಇಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತೆ, ಸುಳಿವೇ ಕೊಡದೆ ನಿಂತೂ ಬಿಡಬಹುದು. ಅನ್ನ ಸಾರು ಉಂಡು ಉಪವಾಸ ಮುರಿದರೆ ದೇವರು ಸಿಟ್ಟಾಗಲ್ಲ ಅಂತ ನಾನು ಹೇಳಿದರೆ ಅಜ್ಜಿಯರು ನನ್ನನ್ನೇ ಗದರಿಸ್ತಾರೆ. ಸ್ವಾಮಿಗಳು ಹೇಳಿದರೆ ಕೇಳ್ತಾರೆ.

ಇನ್ನೊಂದು. ತಂಗೀ, ನಿಮ್ಮ ತಂದೆ ದಿನಾ ಕೈ ಮುಟ್ಟಿ ನೋಡ್ತಿದ್ದರು ಅಂದಿರಲ್ಲ, ನಾವು ಬಾಯಿ ನೋಯೋ ಹಾಗೆ ಹೇಳಿದರೂ ಅರ್ಧಕ್ಕರ್ಧ ಜನ ಅದನ್ನು ಮಾಡಲ್ಲ. ರಾತ್ರಿ ಯಾವಾಗಲೋ ಫಿಸ್ಟುಲಾ ಹೆಪ್ಪುಗಟ್ಟಿರುತ್ತೆ, ಬೆಳಗ್ಗೆ ಬಂದು ಕುರ್ಚಿ ಮೇಲೆ ಕೂತ ಮೇಲೆ ನಾವು ಕಂಡುಹಿಡೀಬೇಕು. ಬೇಗ ಗೊತ್ತಾದರೆ ಕೆಲವು ಸಲ ಉಳಿಸಬಹುದು. ತಡವಾದರೆ ಕುತ್ತಿಗೆಗೆ ಕ್ಯಾತಿಟರ್ ನಳಿಗೆ, ಸೋಂಕಿನ ಭಯ, ಮತ್ತೆ ಹೊಸ ಫಿಸ್ಟುಲಾ, ಅದು ಬಲಿಯೋ ತನಕ ವಾರಗಟ್ಟಲೆ ಕಾಯೋದು.


ಬೆಂಗಳೂರು ವಾಸಿ

ನಮಸ್ಕಾರ. ಸಾವಿನ ಮನೆಯವರ ಮುಂದೆ ಈ ಮಾತು ಆಡಬಾರದೇನೋ, ಆದರೂ ಹೇಳ್ತೀನಿ. ಇಂಥ ಬರಹ ಓದಿದವರು "ಭಕ್ತಿ ಇದ್ದರೆ ಕಾಯಿಲೆ ಏನೂ ಮಾಡಲ್ಲ" ಅಂತ ತಿಳ್ಕೊಳ್ಳೋ ಅಪಾಯ ಇದೆ. ನಮ್ಮ ಮಾವನವರು ಕ್ರಿಯಾಟಿನಿನ್ (ಕಿಡ್ನಿ ಸೋತಂತೆ ರಕ್ತದಲ್ಲಿ ಹೆಚ್ಚೋ ಕಶ್ಮಲ) ಏರ್ತಿದ್ದಾಗ ಹರಕೆ ಹೊತ್ತರು, ಯಾರೋ ಕೊಟ್ಟ ಭಸ್ಮ, ಕಷಾಯ ಕುಡಿದರು. ಆಸ್ಪತ್ರೆಗೆ ಬರೋ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು. ಅಂಥ ಕೆಲವು ಭಸ್ಮಗಳಲ್ಲಿ ಪಾದರಸ, ಸೀಸ ಇರುತ್ತೆ, ಇದ್ದಬದ್ದ ಕಿಡ್ನಿಯನ್ನೂ ತಿಂದುಹಾಕುತ್ತೆ ಅಂತ ಡಾಕ್ಟರು ಆಮೇಲೆ ಹೇಳಿದರು. ನಂಬಿಕೆಯನ್ನು ಹೊಗಳುವಾಗ ಇದನ್ನೂ ಸೇರಿಸಿ ಬರೀಬೇಕು.


ಗುಳೇದಗುಡ್ಡದ ಮಗಳು

ಸೇರಿಸಿ ಬರದೇನಿ ಅಂತನ ತಿಳ್ಕೋರಿ. ಅಪ್ಪಗೂ ಭಸ್ಮ ತಂದುಕೊಟ್ಟವರು ಇದ್ರು. ಒಬ್ಬಾವ ಮನೀಗೇ ಬಂದು "ಇದನ್ನ ಮಂಡಲ ತಗೋರಿ, ಮಷಿನ್ ಬಿಡಸ್ತೀನಿ" ಅಂದ. ಅಪ್ಪ ಅವಗ ಊಟ ಹಾಕಿಸಿ, ಬಸ್ ಖರ್ಚು ಕೊಟ್ಟು ಕಳಸಿ, ಪುಡಿಕಿ ತಿಪ್ಪಿಗೆ ಒಗದ. "ಮಲ್ಲಯ್ಯನ್ನ ನಂಬೀನಿ, ಮಲ್ಲಯ್ಯನ ಹೆಸರು ಹೇಳೋರನ್ನೆಲ್ಲ ನಂಬು ಅಂತ ಅವ ಹೇಳಿಲ್ಲ" ಅಂದ.

ಭಕ್ತಿಯಿಂದ ಅಪ್ಪನ ಕಿಡ್ನಿ ತಿರುಗಿ ಬರಲಿಲ್ಲ. ಮೈ ಕೆರತ ನಿಲ್ಲಲಿಲ್ಲ. ಮಷಿನ್ ಬಿಟ್ಟ ಮ್ಯಾಲೆ ಸಂಜೀತನ ನೆಲಾ ಹಿಡದು ಮಲಗತಿದ್ದ, ಮಾತು ಸೈತ ಬ್ಯಾಡಾಗತಿತ್ತು. ಆದ್ರ ಮರುದಿನ ಮುಂಜಾನೆ ಜಳಕ ಮಾಡಿ ಕೂಡಾಕ ಅವಗೊಂದು ಜಾಗ ಇತ್ತು. ಭಕ್ತಿ ಅವಗ ಕೊಟ್ಟಿದ್ದು ಅಷ್ಟು. ಅದಕ್ಕಿಂತ ಹೆಚ್ಚು ನಾ ಹೇಳಂಗಿಲ್ಲ.


ಪಕ್ಕದ ಕುರ್ಚಿಯವರ ಮಗ

ಅಕ್ಕಾರ, ನಾನು ಯಾರಂತ ನಿಮಗ ತಿಳದಿರಬೇಕು. ನಮ್ಮ ಅಬ್ಬಾ, ನಿಮ್ಮ ತಂದಿಯವರು ಒಂದೇ ಪಾಳಿ, ಬಾಜೂಬಾಜೂ ಕುರ್ಚಿ. ಕಾಕಾರ ಸುದ್ದಿ ಅಬ್ಬಾಗ ಎರಡು ದಿನ ಹೇಳಲಿಲ್ಲ ನಾವು.

ಎರಡು ಡಯಾಲಿಸಿಸ್ ನಡುವ ಮೈಯಾಗ ನೀರು ನಿಂತು ಯಾರ ತೂಕ ಹೆಚ್ಚು ಏರತೈತೋ ಅವರು ಇನ್ನೊಬ್ಬರಿಗೆ ಚಾ ಕುಡಸಬೇಕು ಅಂತ ಇಬ್ಬರಿಗೂ ಪಂತ. ಅದೂ ಅರ್ಧ ಕಪ್ಪು, ಅದರ ಮ್ಯಾಲೆ ಡಾಕ್ಟರ್ ಬಿಡಂಗಿಲ್ಲ. ತೂಕದ ಮಷಿನ್ ಮ್ಯಾಲೆ ಹತ್ತೂಮುಂದ ಕಾಕಾ ಚಪ್ಪಲಿ, ಕಿಸೆದಾಗಿನ ಕೀಲಿಕೈ, ಚಿಲ್ಲರ ರೊಕ್ಕ ಎಲ್ಲಾ ತಗದಿಡಾವರು. "ಕರಡಿಗಿನೂ ತಗೀರಿ ಶರಣ್ರ, ಅದು ಬೆಳ್ಳೀದು" ಅಂತ ಅಬ್ಬಾ ಕಾಡಸಾವರು. "ಅದರ ತೂಕ ನಂದಲ್ಲ ಭಾಯ್, ಅವಂದು" ಅಂತ ಕಾಕಾ.

ರಂಜಾನ್‌ದಾಗ ಅಬ್ಬಾ ಭಾಳ ನೊಂದಕೋತಿದ್ರು. ಹುಡುಗ ಇದ್ದಾಗಿಂದ ರೋಜಾ ಬಿಟ್ಟವರಲ್ಲ. ವಾಸಿ ಆಗದ ಬ್ಯಾನಿ ಇದ್ದವರಿಗೆ ರೋಜಾ ಮಾಫ್ ಐತಿ, ಒಂದೊಂದು ರೋಜಾಕ್ಕ ಒಬ್ಬ ಬಡವಗ ಊಟ ಹಾಕಿ ಫಿದಿಯಾ ಕೊಡ್ರಿ ಅಂತ ಮೌಲ್ವಿ ಸಾಹೇಬ್ರು ತಿಳಿಸಿ ಹೇಳಿದ್ರೂ ಮನಸು ಒಪ್ಪವಲ್ದು. ಅವಾಗ ಕಾಕಾ ಹೇಳಿದ್ದು: "ನಂದೂ ಪಾದಯಾತ್ರಿ ತಪ್ಪೇತಿ, ನಿಂದೂ ರೋಜಾ ತಪ್ಪೇತಿ. ನೀ ಅನ್ನ ಹಾಕು, ನಾ ಖಣ ಕಳಸ್ತೀನಿ. ನಡೀಲಿ." ಅಬ್ಬಾ ಆ ವರ್ಷ ಯತೀಂಖಾನಾದಾಗ ಊಟ ಹಾಕಿಸಿದ್ರು.

ನಿಮ್ಮ ತಂದಿಯವರ ಕುರ್ಚಿಗೆ ಈಗ ಒಬ್ಬ ಹುಡುಗ ಬರ್ತಾನ. ಅಬ್ಬಾ ಅವಗ ತೂಕದ ಪಂತ ಕಲಸ್ಯಾರ.


ಗುಳೇದಗುಡ್ಡದ ಮಗಳು

ಗೊತ್ತಾತು ತಮ್ಮಾ, ಅಬ್ಬಾರಿಗೆ ನಮ್ಮ ಶರಣು ಹೇಳು. ಅಪ್ಪ ಸೋತ ಚಾದ ಲೆಕ್ಕ ಎಂದೂ ಮನಿಯಾಗ ಹೇಳಿಲ್ಲ, ಗೆದ್ದದ್ದಷ್ಟೇ ಹೇಳತಿದ್ದ.

ಖಣದ ಮಾತು ಬಂತು, ಹೇಳಿಬಿಡ್ತೀನಿ. ಭ್ರಮರಾಂಬಾ ನಮ್ಮ ಕಡೆಯವರಿಗೆ ಮನಿಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಹೋಗೋರು ತವರುಮನಿ ಉಡಿ ಅಂತ ಸೀರಿ, ಖಣ, ಅರಿಷಿಣ ಕುಂಕುಮ ಒಯ್ತಾರ. ನಡಿಯೋದು ನಿಂತ ಮ್ಯಾಲೆ ಅಪ್ಪ ಕಂಬಿಯವರ ಕೈಯಾಗ ತೇರಿನ ಚಿತ್ತಾರದ ಖಣ ಕೊಟ್ಟು ಕಳಸತಿದ್ದ. 2020ರಾಗ ಯುಗಾದಿ ಮಾರ್ಚ್ 25ಕ್ಕ ಬಂತು. ಅವತ್ತೇ ದೇಶಾದ್ಯಂತ ಲಾಕ್‌ಡೌನ್. ಖಣ ಪೆಟಿಗ್ಯಾಗ ಉಳೀತು. ಬಸ್ ಬಂದ್, ತಮ್ಮ ಬೈಕ್ ಮ್ಯಾಲೆ ಕೂಡಿಸಿಕೊಂಡು ದವಾಖಾನಿಗೆ ಹೊಂಟ. ಚೆಕ್‌ಪೋಸ್ಟ್‌ನ್ಯಾಗ ಪೊಲೀಸರು ಅಡ್ಡ ಹಾಕಿದ್ರು, ಕಾಗದ ಕೇಳಿದ್ರು. ಅಪ್ಪ ತೋಳು ಏರಿಸಿ ಉಬ್ಬಿದ ನರ ತೋರಿಸಿ "ಮುಟ್ಟಿ ನೋಡ್ರಿ" ಅಂದ. ಆ ಹುಡುಗ ಪೊಲೀಸ ಮುಟ್ಟಿದಾವನ ಕೈ ಹಿಂದಕ್ಕ ಎಳಕೊಂಡು "ಹೋಗ್ರಿ ಯಜಮಾನ್ರ" ಅಂದನಂತ. ಮುಂದ ಯಾವ ಕಾಗದನೂ ಕೇಳಲಿಲ್ಲ.


ಮೈಸೂರು, ನಿವೃತ್ತ ಶಿಕ್ಷಕಿ

ಎಲ್ಲಾ ಓದಿದೆ. ಚೆನ್ನಾಗಿ ಬರೆದಿದ್ದೀರಮ್ಮ. ಆದರೆ ನನಗೊಂದು ಪ್ರಶ್ನೆ. ಅಪ್ಪನ ಪೂಜೆ, ಅಪ್ಪನ ನೀರಿನ ಬಾಟಲಿ, ಅಪ್ಪನ ಮಾತು, ಎಲ್ಲ ಬಂತು. ನಿಮ್ಮ ತಾಯಿ ಎಲ್ಲಿ? ಆ ಬಾಟಲಿ ತುಂಬಿದವರು ಯಾರು, ಪೊಟ್ಯಾಸಿಯಂ ಇಳಿಯಲಿ ಅಂತ ತರಕಾರಿ ಬೇಯಿಸಿ ನೀರು ಬಸಿದವರು ಯಾರು? ನಮ್ಮ ಮನೆಯವರು ಹಾಸಿಗೆ ಹಿಡಿದಾಗ ಬಂದವರೆಲ್ಲ ಅವರ ತಾಳ್ಮೆ ಹೊಗಳಿ ಹೋದರು. ಅಡುಗೆಮನೆ ಕಡೆ ತಿರುಗಿ ನೋಡಿದವರಿಲ್ಲ.


ಗುಳೇದಗುಡ್ಡದ ಮಗಳು

ಸರೀ ಕೇಳಿದ್ರಿ ಟೀಚರ್. ಅವ್ವಗ ಓದಿ ಹೇಳಿದೆ, "ಯಾರವರು, ಮನೀಗೆ ಕರಿ" ಅಂದ್ಳು.

ಅಪ್ಪನ ಬ್ಯಾನಿ ಮೊದಲು ಬಡದಿದ್ದು ಮಗ್ಗಕ್ಕ. ದಿನಾ ಕುಂತು ನೇಯೋ ಶಕ್ತಿ ಹೋತು. ನಮ್ಮಲ್ಲಿ ಗಂಡಸು ಮಗ್ಗದ ಮ್ಯಾಲೆ, ಹೆಂಗಸು ಕಂಡಿಕಿ (ನೇಯೋ ನೂಲಿನ ಸುರುಳಿ) ಸುತ್ತೋದು ಮೊದಲಿನಿಂದ ನಡಕೊಂಡ ರೀತಿ. ಅಪ್ಪ ಒಂದಿನ ರಾಟಿ ಮುಂದ ಕುಂತು "ಇನ್ನ ಮ್ಯಾಲೆ ನಾ ಕಂಡಿಕಿ ಸುತ್ತತೀನಿ, ನೀ ಮಗ್ಗಕ್ಕ ಇಳಿ" ಅಂದ. ಓಣಿಯವರು ನಕ್ರು. ಅವ್ವಗೂ ಮೊದಲು ಅಂಜಿಕಿ. ಎಳಿ ಹರದ್ರ ಅಪ್ಪ ಬಂದು ಗಂಟು ಹಾಕಿ ಕೊಡತಿದ್ದ. ಬರಬರತ ಅವ್ವನ ಖಣ ಅಪ್ಪನ್ನಕಿಂತ ಒತ್ತಾಗಿ ಬರಾಕ ಹತ್ತಿದ್ವು. ಇದು ನನ್ನ ಮಾತಲ್ಲ, ಖಣ ಕೊಳ್ಳೋ ಸಾವಕಾರ ಹೇಳಿದ್ದು. ಭ್ರಮರಾಂಬಾಗ ಹೋದ ಖಣದಾಗ ಕಡೀ ಎರಡು ಮೂರು ವರ್ಷದ್ದು ಅವ್ವ ನೇಯ್ದದ್ದು.

ಕಾಯಿಪಲ್ಯ ಸಣ್ಣಗ ಹೆಚ್ಚಿ, ನೀರಾಗ ನೆನಸಿ, ಬ್ಯಾರೆ ನೀರಾಗ ಕುದಿಸಿ ಬಸಿಯೋ ಕೆಲಸ ಅಪ್ಪ ಮನಿಯಾಗಿದ್ದ ದಿನ ಅಪ್ಪಂದು. ಬಸಿದ ನೀರು ಹಿತ್ತಲದ ಗಿಡಕ್ಕ ಹಾಕತಿದ್ದ. ಮಷಿನ್ ಇದ್ದ ದಿನ ಅವ್ವಂದು. ಅವಗ ಸಿಟ್ಟು ಬರತಿರಲಿಲ್ಲ ಅಂತಲ್ಲ. ಉಪ್ಪಿಲ್ಲದ ಪಲ್ಯ ತಾಟಿನ್ಯಾಗ ಬಿಟ್ಟು ಎದ್ದು ಹೋದ ದಿನಗಳು ಅದಾವ. ಅವ್ವನೂ ಮೂರು ದಿನ ಮಾತು ಬಿಟ್ಟಿದ್ಳು.


ಹಾಸನ, ಗಂಡನಿಗೆ ಕಿಡ್ನಿ ಕೊಟ್ಟವಳು

ಕಸಿ ವಿಷಯ ಯಾರೂ ಎತ್ತಿಲ್ಲವಲ್ಲ. ನಿಮ್ಮಲ್ಲಿ ಯಾರದೂ ಹೊಂದಾಣಿಕೆ ಆಗಲಿಲ್ಲವೇ?


ಗುಳೇದಗುಡ್ಡದ ಮಗಳು

ನಂದು ರಕ್ತದ ಗುಂಪು ಹೊಂದತಿತ್ತು. ಅಪ್ಪ ಒಪ್ಪಲಿಲ್ಲ. "ನಿನ್ನ ಮಕ್ಕಳು ಸಣ್ಣಾವು. ಮಗಳ ಮೈ ಕೊಯ್ಸಿ ಬದಕೋದು ನನಗ ಬ್ಯಾಡ" ಅಂದ. ಅವ್ವಗ ಶುಗರ್, ತಮ್ಮಂದು ಗುಂಪು ಬ್ಯಾರೆ. ಜೀವಸಾರ್ಥಕತೆಯೊಳಗ (ಸತ್ತವರು ದಾನ ಮಾಡಿದ ಅಂಗ ಹಂಚೋ ಸರ್ಕಾರಿ ಸಂಸ್ಥೆ) ಹೆಸರು ಹಚ್ಚಿಸಬೇಕು ಅನ್ನೋದರಾಗ ಹೃದಯ ಸೋತೈತಿ, ಆಪರೇಷನ್ ತಡಕೊಳ್ಳಂಗಿಲ್ಲ ಅಂದ್ರು.


ಹಾಸನ, ಗಂಡನಿಗೆ ಕಿಡ್ನಿ ಕೊಟ್ಟವಳು

ಕ್ಷಮಿಸಿ, ಇದನ್ನು ತ್ಯಾಗ ಅಂತ ನನಗೆ ಒಪ್ಪೋಕೆ ಆಗ್ತಿಲ್ಲ. ನಾನು ಕೊಟ್ಟು ವರ್ಷಗಳಾದವು. ಹೊಲದ ಕೆಲಸ ಮಾಡ್ತೀನಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸ್ತೀನಿ. 1994ರ ಕಾಯ್ದೆಯಲ್ಲೇ ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು ಕೊಡಬಹುದು ಅಂತಿದೆ. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿದರು. ಕೊಡೋರ ಆರೋಗ್ಯಕ್ಕೆ ತೊಂದರೆ ಇದೆ ಅನ್ನಿಸಿದರೆ ಡಾಕ್ಟರೇ ಬೇಡ ಅಂತಾರೆ. ಕೊಡ್ತೀನಿ ಅಂತ ಮುಂದೆ ಬಂದ ಮಗಳಿಗೆ ಬೇಡ ಅನ್ನೋದು ಪ್ರೀತಿ ಇರಬಹುದು. ಆದರೆ ಆ ಮಗಳು ಆಮೇಲೆ ಏನನ್ನು ಹೊತ್ತುಕೊಂಡು ಓಡಾಡಬೇಕು ಅಂತ ಅವರು ಯೋಚಿಸಬೇಕಿತ್ತು.


ಗುಳೇದಗುಡ್ಡದ ಮಗಳು

ನೀವು ಹೇಳಿದ್ದಕ್ಕ ನನ್ನ ಹತ್ರ ಉತ್ತರ ಇಲ್ಲಕ್ಕ. ಅಪ್ಪನ ಎಲ್ಲಾ ನೆನಸಿ ಅಳು ಬರತೈತಿ, ಇದನ್ನ ನೆನಸಿದ್ರ ಮಾತ್ರ ಸಿಟ್ಟು ಬರತೈತಿ. ಹೋಗಿ ಜಗಳಾ ಮಾಡೋಣ ಅಂದ್ರ ಅವನಿಲ್ಲ.


ಕುಂದಾಪುರದವ

ಜಗಳ ಉಳಿಯಲಿ ಬಿಡಿ. ನಮ್ಮ ತಂದೆ ಹೋಗಿ ಎಷ್ಟು ವರ್ಷ ಆಯ್ತು, ಜಾಗದ ವಿಷಯಕ್ಕೆ ಈಗಲೂ ನಾನು ಅವರತ್ರ ಮನಸ್ಸಲ್ಲೇ ವಾದ ಮಾಡ್ತೇನೆ.


ಗುಳೇದಗುಡ್ಡದ ತಮ್ಮ

ಅಕ್ಕನ ಫೋನಿನಿಂದ ನಾ ಬರೀತಿದೀನಿ. ಅಕ್ಕ ಬರೀದ ಒಂದು ಮಾತೈತಿ, ಯಾಕಂದ್ರ ಆಕಿ ಅಲ್ಲಿ ಇರಲಿಲ್ಲ, ಹೆಣ್ಮಕ್ಕಳು ಹಿಂದ ನಿಂತಿದ್ರು.

ನಮ್ಮಲ್ಲಿ ಸುಡಂಗಿಲ್ಲ, ಕುಂದರಿಸಿ ಹೂಳೋದು. ಕುಣಿಯೊಳಗ ಅಯ್ನಾರು ವಿಭೂತಿ, ಪತ್ರಿ ಎಲ್ಲಾ ಮಾಡಿ, ಕರಡಿಗಿ ಬಿಚ್ಚಿ ಲಿಂಗ ಅಪ್ಪನ ಎಡಗೈಯಾಗ ಇಡಬೇಕು. ನಾ ಕೈ ಹಿಡದಿದ್ದೆ. ಬೈಕ್ ಹತ್ತೂಮುಂದ, ಮಲಗೂಮುಂದ ಮುಟ್ಟಿ ನೋಡೋದು ನನಗೂ ರೂಢಿ ಆಗಿತ್ತಲ್ಲ, ಬೆರಳು ತಾನ ಅಲ್ಲಿ ಹೋತು. ಅಯ್ನಾರು ನೋಡಿದ್ರು, ಏನೂ ಅನಲಿಲ್ಲ, ನಾ ಕೈ ತಗಿಯೋ ತನಕ ಮಂತ್ರ ನಿಲ್ಲಿಸಿ ಕಾದ್ರು.

ಡಯಾಲಿಸಿಸ್‌ನ ಸಿಸ್ಟರ್, ಬ್ರದರ್ ಬಂದಿದ್ರು. ಪಾಳಿ ಮುಗಿಸಿ, ಯೂನಿಫಾರ್ಮಿನ ಮ್ಯಾಲೇ. ಅವರಿಗೆ ಊಟ ಹಾಕಿಸೋದು ಆ ಗದ್ದಲದಾಗ ಆಗಲಿಲ್ಲ. ಶ್ರಾವಣದಾಗ ಯೂನಿಟ್‌ನವರಿಗೆಲ್ಲ ಹೋಳಿಗಿ ಒಯ್ಯೋದು ಅಂತ ಅವ್ವ ಹೇಳ್ಯಾಳ. ರೋಗಿಗಳಿಗೆ ಬ್ಯಾಡ, ಬೆಲ್ಲಾ ಬ್ಯಾಳಿ ಆಗಂಗಿಲ್ಲ.


ಹೊಸಬ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಗ ಹೋದ ವಾರ ಡಯಾಲಿಸಿಸ್ ಶುರು ಆಗ್ಯಾದ. ಬಿ.ಪಿ.ಎಲ್. ಕಾರ್ಡ್ ಅದ, ಸರ್ಕಾರಿ ದವಾಖಾನಿಯಾಗ ದುಡ್ಡು ಹತ್ತಂಗಿಲ್ಲ ಅಂದ್ರು, ನಿಜ ಏನ್ರಿ? ಮತ್ತ ಅಪ್ಪಗ ಶೇಂಗಾ ಹಿಂಡಿ ಇಲ್ಲದ ರೊಟ್ಟಿ ಇಳಿಯಂಗಿಲ್ಲ. ಉಪ್ಪಿನಕಾಯಿ ಬಿಡಿಸೀವಿ. ಹಿಂಡಿ ಸ್ವಲ್ಪ ಕೊಡಬಹುದೇನ್ರಿ?


ಟೆಕ್ನಿಶಿಯನ್, ದಾವಣಗೆರೆ

ಹೌದು, ಬಡತನ ರೇಖೆ ಕೆಳಗಿನವರಿಗೆ ಸರ್ಕಾರಿ ಆಸ್ಪತ್ರೆಯ ಕೇಂದ್ರಗಳಲ್ಲಿ ಉಚಿತ. 2016ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಅದು. ಜಾಗ ಖಾಲಿ ಇರೋದು ಮುಖ್ಯ. ಇವತ್ತೇ ಹೋಗಿ ಹೆಸರು ಬರೆಸಿ, ಕಾರ್ಡಿನ ಜೊತೆ ಹೆಪಟೈಟಿಸ್, ಎಚ್‌ಐವಿ ರಿಪೋರ್ಟ್ ಇಟ್ಕೊಂಡಿರಿ, ಅವಿಲ್ಲದೆ ಮಷಿನ್‌ಗೆ ಹಾಕಲ್ಲ.

ಶೇಂಗಾದಲ್ಲಿ ರಂಜಕ, ಪೊಟ್ಯಾಸಿಯಂ ಎರಡೂ ಜಾಸ್ತಿ. ನಿಮ್ಮ ತಂದೆಯ ರಕ್ತದ ರಿಪೋರ್ಟ್ ನೋಡಿದ ಡಯಟೀಶಿಯನ್ ಮಾತ್ರ ಎಷ್ಟು ಅಂತ ಹೇಳಬಹುದು. ರಂಜಕ ಮೈಗೆ ಹತ್ತದಂತೆ ತಡೆಯೋ ಗುಳಿಗೆ ಕೊಟ್ಟಿದ್ದರೆ ಅದನ್ನು ಊಟದ ಜೊತೆಗೇ ತಗೋಬೇಕು, ಖಾಲಿ ಹೊಟ್ಟೆಗೆ ನುಂಗಿ ಪ್ರಯೋಜನ ಇಲ್ಲ. ಮತ್ತೆ ಅಂಗಡಿಯಲ್ಲಿ "ಲೋ ಸೋಡಿಯಂ" ಅಂತ ಉಪ್ಪು ಸಿಗುತ್ತೆ, ಅದನ್ನು ತರಬೇಡಿ. ಅದರಲ್ಲಿ ಹಾಕಿರೋದು ಪೊಟ್ಯಾಸಿಯಂ ಕ್ಲೋರೈಡ್.


ಗುಳೇದಗುಡ್ಡದ ಮಗಳು

ಜ್ವಾಳದ ರೊಟ್ಟಿಗೆ ಉಪ್ಪು ಹಾಕಂಗಿಲ್ಲ, ಅದೊಂದು ನಮ್ಮ ಕಡೆಯವರ ಪುಣ್ಯ. ಹಿಂಡಿ ಬದ್ಲಿ ನಮ್ಮವ್ವ ಬಸಿದ ಹೀರಿಕಾಯಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಗಿ ಒಗ್ಗರಣಿ ಕೊಟ್ಟು, ಕಡೀಕ ಲಿಂಬಿ ನಾಕು ಹನಿ ಹಿಂಡತಿದ್ಳು. ಹುಳಿ ಇದ್ರ ಉಪ್ಪಿನ ನೆನಪು ಕಮ್ಮಿ. ಡಯಟೀಶಿಯನ್‌ರಿಗೆ ತೋರಿಸಿ ಮಾಡ್ರಿ. ಫಿಸ್ಟುಲಾ ಆಪರೇಷನ್ ಆಗೇತೋ, ಇನ್ನೂ ಕುತ್ತಿಗಿ ನಳಿಗಿ ಮ್ಯಾಲೇ ನಡದೈತೋ, ಅದನ್ನ ಬರದು ಹೇಳ್ರಿ. ಯಾವ ಕೈ ಅಂತ ಈಗಲೇ ಕೇಳಿ ಇಟ್ಕೋರಿ, ಆ ಕೈಯಿಂದ ರಕ್ತ ತಗಿಯಾಕ ಯಾರಿಗೂ ಬಿಡಬ್ಯಾಡ್ರಿ.